ಕಾಲೇಜು ಮೈದಾನದ ಕಿರಣ್ ವಿಮಾನ: ಮಳೆಗಾಲಕ್ಕೆ ಮುಂಚೆ ನಾವು ಏನು ಮಾಡಬಹುದು?

ರೆಕ್ಕೆಪುಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತಾಲ್ಲೂಕಿನ ಒಂದು ಕಾಲೇಜಿನ ಮೈದಾನದಲ್ಲಿ ಒಂದು ಕಿರಣ್ ವಿಮಾನ ನಿಂತಿದೆ. ವಾಯುಪಡೆಯ ಹುಡುಗರು ಹಾರಾಟ ಕಲಿಯುತ್ತಿದ್ದ ಜೆಟ್. ನಾನು ಹೈಸ್ಕೂಲಿನಲ್ಲಿದ್ದಾಗ ಲಾರಿಯಲ್ಲಿ ಬಂತು, ರೆಕ್ಕೆ ಬೇರೆ, ಮೈ ಬೇರೆ. ಅವತ್ತು ಇಡೀ ಊರೇ ಸೇರಿತ್ತು. ವಾದ್ಯ ಊದಿಸಿದರು, ಕಾಯಿ ಒಡೆದರು, ಕುಂಕುಮ ಹಚ್ಚಿದರು. ಅಜ್ಜಿ ನನ್ನ ಕೈ ಹಿಡಿದುಕೊಂಡು ಅದನ್ನು ಮೂರು ಸುತ್ತು ಹಾಕಿದ್ದು ಇನ್ನೂ ನೆನಪಿದೆ.

ಕಳೆದ ವಾರ ಹೋಗಿ ನೋಡಿದೆ. ಮುಂದಿನ ಟೈರ್ ಪೂರ್ತಿ ನೆಲಕ್ಕೆ ಕೂತಿದೆ. ಪೈಲಟ್ ಕೂರುವ ಜಾಗದ ಗಾಜು ಹಾಲು ಕಲಸಿದ ಹಾಗೆ ಬೆಳ್ಳಗಾಗಿದೆ, ಒಳಗೆ ಏನೂ ಕಾಣುವುದಿಲ್ಲ. ಎಡಗಡೆ ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಪಾರಿವಾಳ ಗೂಡು ಕಟ್ಟಿದೆ. ರೆಕ್ಕೆಯ ಕೆಳಗೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿದೆ. ಒಂದು ಗುಳ್ಳೆಯನ್ನು ಬೆರಳಲ್ಲಿ ಒತ್ತಿದೆ, ಒಳಗಿಂದ ಸುಣ್ಣದಂಥ ಬಿಳಿ ಪುಡಿ ಉದುರಿತು. ಯಾವುದೋ ಸಮಾರಂಭಕ್ಕೆ ಅಂತ ಗೋಡೆಗೆ ಹೊಡೆಯುವ ಬಣ್ಣವನ್ನೇ ಅದಕ್ಕೂ ಹೊಡೆದಿದ್ದಾರೆ, ಬಾಲದ ಹತ್ತಿರ ಇದ್ದ ನಂಬರ್ ಮುಚ್ಚಿಹೋಗಿದೆ.

ಈಗ ವಿಷಯಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ಬೀಳ್ಕೊಡುಗೆ ಆಯಿತಲ್ಲ, ಅದಾದ ಮೇಲೆ ನಮ್ಮೂರಲ್ಲಿ ಒಂದು ಸಮಿತಿ ಆಗಿದೆ. ಬಸ್ ಸ್ಟ್ಯಾಂಡ್ ಮುಂದಿನ ಸರ್ಕಲ್‌ಗೆ ಒಂದು ಮಿಗ್-21 ಬೇಕು ಅಂತ ಅರ್ಜಿ ಹಾಕುತ್ತಾರಂತೆ. ಸಭೆಯಲ್ಲಿ ನಾನು ಎದ್ದು, ಮೊದಲು ಇರುವ ವಿಮಾನವನ್ನು ನೋಡಿಕೊಳ್ಳೋಣ, ಆಮೇಲೆ ಇನ್ನೊಂದು ಕೇಳೋಣ ಅಂದೆ. ಕೆಲವರಿಗೆ ಬೇಜಾರಾಯಿತು. ನಾನು ಹೇಳಿದ್ದು ತಪ್ಪಾ? ಆ ಕಿರಣ್ ಇನ್ನೂ ಉಳಿಯುವ ಸ್ಥಿತಿಯಲ್ಲಿದೆಯಾ? ವಿಮಾನದ ಕೆಲಸ ಗೊತ್ತಿಲ್ಲದ ನಮ್ಮಂಥವರು ಮಳೆಗೆ ಮುಂಚೆ ಏನು ಮಾಡಬಹುದು?

ಹಳೇಫಿಟ್ಟರ್:

ತಮ್ಮಾ, ನೀನು ಹೇಳಿದ್ದು ಸರಿ. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈ ನೋಡಿಕೊಳ್ಳುವ ಕೆಲಸದವನು ಆಗಿದ್ದವನು. ಕಿರಣ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಬೀದರ್‌ನಲ್ಲೂ ಇದ್ದೆ. 1996ರಲ್ಲಿ ವಾಯುಪಡೆಯ ಏರ್‌ಶೋ ತಂಡ ಸೂರ್ಯಕಿರಣ್ ಶುರುವಾಗಿದ್ದು ಅಲ್ಲೇ, ಇದೇ ಕಿರಣ್ ಮಾರ್ಕ್-2 ಇಟ್ಟುಕೊಂಡು. ನಿನ್ನ ಮೈದಾನದಲ್ಲಿ ಇರುವುದು ನಮ್ಮ ಬೆಂಗಳೂರಲ್ಲೇ ರೂಪಿಸಿ ಕಟ್ಟಿದ ವಿಮಾನ, 1964ರಲ್ಲಿ ಮೊದಲ ಸಲ ಹಾರಿದ್ದು. ಅದನ್ನು ಕಾಲೇಜಿನವರಿಗೆ ಯಾರಾದರೂ ಹೇಳಿದ್ದಾರಾ?

ಮೊದಲು ಒಂದು ಮುಖ್ಯ ಪ್ರಶ್ನೆ. ಒಳಗೆ ಪೈಲಟ್ ಸೀಟ್ ಇದೆಯಾ, ಇಲ್ಲವಾ? ಅವು ಇಜೆಕ್ಷನ್ ಸೀಟ್, ಅಪಾಯದಲ್ಲಿ ಪೈಲಟ್‌ನನ್ನು ಸೀಟ್ ಸಮೇತ ಹೊರಗೆ ಚಿಮ್ಮಿಸುವಂಥವು. ಅದರಲ್ಲಿ ಸಿಡಿಯುವ ಕಾರ್ಟ್ರಿಜ್ ಇರುತ್ತದೆ. ಕೊಡುವಾಗ ತೆಗೆದಿರುತ್ತಾರೆ, ಆದರೂ ಕಣ್ಣಾರೆ ನೋಡಿ ಗ್ಯಾರಂಟಿ ಮಾಡಿಕೊಳ್ಳುವ ತನಕ ಯಾರೂ ಒಳಗೆ ಇಳಿಯಬಾರದು, ಯಾವ ಹಿಡಿಕೆಯನ್ನೂ ಎಳೆಯಬಾರದು.

ಇನ್ನು ಆ ಬಿಳಿ ಪುಡಿ. ಅದು ಅಲ್ಯೂಮಿನಿಯಂನ ತುಕ್ಕು. ಕಬ್ಬಿಣದ್ದು ಕೆಂಪಗೆ ಕಣ್ಣಿಗೆ ಬೀಳುತ್ತದೆ, ಇದು ಬಣ್ಣದ ಅಡಿಯಲ್ಲೇ ಕೂತು ತಿನ್ನುತ್ತದೆ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂ ಹಾಳೆಗೆ ತಾಗಿಕೊಂಡಿದ್ದು, ಮಧ್ಯೆ ಮಳೆನೀರು ನಿಂತರೆ ಅಲ್ಲಿ ಒಂದು ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಅದಕ್ಕೇ ರಿವೆಟ್ ಸಾಲು, ಬೋಲ್ಟ್ ಸುತ್ತಮುತ್ತ ಮೊದಲು ಗುಳ್ಳೆ ಏಳುವುದು. ಜಾಸ್ತಿಯಾದರೆ ದಪ್ಪ ಲೋಹವೂ ಪದರ ಪದರವಾಗಿ ಹಪ್ಪಳದ ಹಾಗೆ ಉಬ್ಬುತ್ತದೆ. ಆ ಹಂತಕ್ಕೆ ಬಂದ ಭಾಗವನ್ನು ಉಳಿಸುವುದು ಕಷ್ಟ. ಬರೀ ಪುಡಿ ಉದುರುತ್ತಿದ್ದರೆ ಇನ್ನೂ ಕಾಲ ಮಿಂಚಿಲ್ಲ.

ನೀವು ಮಾಡಬಹುದಾದ ಮೊದಲ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ವಿಮಾನದ ಹೊಟ್ಟೆಯಡಿ, ರೆಕ್ಕೆಯಡಿ ಪೆನ್ಸಿಲ್ ತುದಿಯಷ್ಟು ಸಣ್ಣ ತೂತುಗಳಿರುತ್ತವೆ. ನೀರು ಇಳಿದುಹೋಗಲಿ ಅಂತಲೇ ಇಟ್ಟದ್ದು. ಮಣ್ಣು, ಕಣಜದ ಗೂಡು, ಬಣ್ಣ ಎಲ್ಲ ಸೇರಿ ಮುಚ್ಚಿಹೋಗಿರುತ್ತವೆ. ಬಿದಿರಿನ ಕಡ್ಡಿ ತಗೊಂಡು ಒಂದೊಂದಾಗಿ ಬಿಡಿಸು. ಮೊಳೆ, ಡ್ರಿಲ್ ಬೇಡ. ಕೆಳಗೆ ಬಕೆಟ್ ಇಟ್ಟುಕೋ, ಎಷ್ಟು ನೀರು ಬರುತ್ತದೆ ಅಂತ ನೋಡು.

ಸರ್ಕಲ್_ರಾಜಣ್ಣ:

ನಾನೂ ಅದೇ ಊರಿನವನು. ಸಮಿತಿಯಲ್ಲೂ ಇದ್ದೇನೆ, ರೆಕ್ಕೆಪುಕ್ಕ ಅವರಿಗೆ ನಾನು ಯಾರು ಅಂತ ಗೊತ್ತಿದೆ. ನಮ್ಮ ಮನಸ್ಸಲ್ಲಿ ಏನಿದೆ ಅಂತಲೂ ಇಲ್ಲಿ ಹೇಳಬೇಕು ಅನ್ನಿಸಿತು.

ಮಿಗ್-21 ಅಂದರೆ 1963ರಿಂದ 62 ವರ್ಷ ಈ ದೇಶದ ಆಕಾಶ ಕಾದ ವಿಮಾನ. 1971ರ ಡಿಸೆಂಬರ್ 14ಕ್ಕೆ ಢಾಕಾದ ಗವರ್ನರ್ ಬಂಗಲೆಯ ಮೇಲೆ ದಾಳಿ ಮಾಡಿದ್ದು ಅದೇ, ಎರಡು ದಿನಕ್ಕೆ ಯುದ್ಧ ಮುಗಿಯಿತು. ನಮ್ಮ ಊರಿಂದ ಸೈನ್ಯಕ್ಕೆ ಹೋದವರು ಎಷ್ಟು ಮನೆಯಲ್ಲಿದ್ದಾರೆ! ಅವರ ಮಕ್ಕಳು ದಿನಾ ಬಸ್ ಇಳಿದಾಗ ಆ ವಿಮಾನ ಕಣ್ಣಿಗೆ ಬೀಳಬೇಕು ಅನ್ನುವ ಆಸೆ ತಪ್ಪಾ? ಕಾಲೇಜಿನ ಒಳಗೆ ಇರುವ ಕಿರಣ್ ಹತ್ತಿರ ಊರಿನವರು ಹೋಗುವ ಹಾಗೂ ಇಲ್ಲ, ಗೇಟ್ ಹಾಕಿರುತ್ತಾರೆ. ನಾವು ಕೇಳುತ್ತಿರುವುದು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ.

ಕಾಳಿನದಿ:

ರಾಜಣ್ಣ ಅವರೇ, ಆಸೆ ತಪ್ಪಲ್ಲ. ನಾನು ಕಾರವಾರದವಳು. ನಮ್ಮ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಮೊದಲಿಂದ ಇದೆ, ಈಗ ಅದರ ಪಕ್ಕಕ್ಕೆ ಟುಪೊಲೆವ್-142 ಬಂದಿದೆ. ನೌಕಾಪಡೆಯ ಎಂಟು ಟುಪೊಲೆವ್‌ಗಳಲ್ಲಿ ಒಂದು. 1988ರಿಂದ 2017ರವರೆಗೆ ಸಮುದ್ರದ ಮೇಲೆ ಜಲಾಂತರ್ಗಾಮಿ ಹುಡುಕುತ್ತಾ ಹಾರಿದವು ಅವು. ಒಂದೊಂದು ಎಂಜಿನ್‌ಗೆ ಒಂದರ ಹಿಂದೆ ಒಂದು ಎರಡೆರಡು ಪ್ರೊಪೆಲರ್, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಮೊದಲ ಸಲ ಅದರ ಕೆಳಗೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ತುದಿಯಿಂದ ತುದಿಗೆ ರೆಕ್ಕೆಯೇ 50 ಮೀಟರ್.

ಆದರೆ ನಮ್ಮದು ಕಡಲ ದಂಡೆ. ಅಂಗಳದಲ್ಲಿ ಹೊಸ ಸೈಕಲ್ ಇಟ್ಟರೂ ಒಂದೇ ವರ್ಷಕ್ಕೆ ಸರಪಳಿ ತುಕ್ಕು ಹಿಡಿಯುತ್ತದೆ. ಉಪ್ಪುಗಾಳಿ ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಅಷ್ಟು ದೊಡ್ಡ ವಿಮಾನಕ್ಕೆ ಚಾವಣಿ ಕಟ್ಟುವುದು ಸುಲಭದ ಮಾತಲ್ಲ. ಹಾಗಾಗಿ ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆಯುವುದು, ಬಣ್ಣ ಎದ್ದ ಕಡೆ ತಕ್ಷಣ ಹಚ್ಚುವುದು, ಇದು ನಿಲ್ಲಲೇಬಾರದು. ತಂದ ದಿನ ಎಲ್ಲರೂ ಇರುತ್ತಾರೆ. ಐದನೇ ಮಳೆಗಾಲಕ್ಕೆ ಯಾರು ಇರುತ್ತಾರೆ ಅನ್ನುವುದನ್ನು ನಾವು ಕಾರವಾರದವರೇ ಕೇಳುತ್ತಾ ಇರಬೇಕು, ನಾನು ಕೇಳುತ್ತಲೇ ಇರುತ್ತೇನೆ.

ವಿಕ್ರಾಂತ್ ನೆನಪಿದೆ ಅಲ್ವಾ? 1971ರಲ್ಲಿ ಪೂರ್ವದ ಸಮುದ್ರ ಕಾದ ಹಡಗು, ಮುಂಬೈನಲ್ಲಿ ವರ್ಷಗಟ್ಟಲೆ ಮ್ಯೂಸಿಯಂ ಆಗಿತ್ತು. 2014ರಲ್ಲಿ ಗುಜರಿಗೆ ಹೋಯಿತು. ನಮ್ಮ ಅಪ್ಪ ನೌಕಾಪಡೆಯಲ್ಲಿ ಇದ್ದವರು. ಅದನ್ನು ಒಡೆಯುವ ಫೋಟೋ ಪೇಪರಲ್ಲಿ ಬಂದ ದಿನ ಅವರು ಊಟ ಮಾಡಲಿಲ್ಲ.

ಓಹಾಯೋ_ಕನ್ನಡಿಗ:

ನಾನು ಡೇಟನ್ ಹತ್ತಿರ ಇದ್ದೇನೆ, ಅಮೆರಿಕದ ವಾಯುಪಡೆಯ ದೊಡ್ಡ ಮ್ಯೂಸಿಯಂ ಇಲ್ಲೇ ಇರುವುದು. ಪ್ರವೇಶ ಉಚಿತ, ಹಾಗಾಗಿ ಊರಿಂದ ಯಾರೇ ಬಂದರೂ ಕರೆದುಕೊಂಡು ಹೋಗುತ್ತೇನೆ. ರೆಕ್ಕೆಪುಕ್ಕ ಅವರ ಕಿರಣ್ ಕಥೆ ಓದಿದಾಗ ನನಗೆ ಮೆಂಫಿಸ್ ಬೆಲ್ ನೆನಪಾಯಿತು.

ಅದು ಎರಡನೇ ಮಹಾಯುದ್ಧದ ಬಿ-17 ಬಾಂಬರ್. ಯುರೋಪಿನ ಮೇಲೆ 25 ದಾಳಿ ಮುಗಿಸಿ ವಾಪಸ್ ಬಂದಿದ್ದಕ್ಕೆ ಆಗ ಇಡೀ ದೇಶ ಮೆರವಣಿಗೆ ಮಾಡಿತ್ತು. ಯುದ್ಧ ಮುಗಿದ ಮೇಲೆ ಗುಜರಿ ಸೇರುವುದರಲ್ಲಿತ್ತು. 1946ರಲ್ಲಿ ಮೆಂಫಿಸ್ ನಗರದವರು 350 ಡಾಲರ್ ಕೊಟ್ಟು ಬಿಡಿಸಿಕೊಂಡರು. ತಮ್ಮ ಊರಿನ ಹೆಸರಿನ ವಿಮಾನ ಅಲ್ವಾ, ಅಷ್ಟು ಅಭಿಮಾನ. ಆಮೇಲೆ ಅದು ದಶಕಗಟ್ಟಲೆ ಬಯಲಲ್ಲೇ ನಿಂತಿತ್ತು. ಮಳೆ, ಬಿಸಿಲು ಒಂದು ಕಡೆ. ಇನ್ನೊಂದು ಕಡೆ, ನೆನಪಿಗೆ ಅಂತ ಜನ ಒಳಗಿನ ಗಡಿಯಾರ, ಮೀಟರ್, ಸ್ವಿಚ್ಚು ಕಿತ್ತುಕೊಂಡು ಹೋದರು. ಕೊನೆಗೆ 2005ರಲ್ಲಿ ಡೇಟನ್‌ಗೆ ತಂದರು. ಸರಿಮಾಡಿ ಜನರ ಮುಂದೆ ಇಟ್ಟಿದ್ದು 2018ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿ, 13 ವರ್ಷ! ಹಣ, ಜನ, ವರ್ಕ್‌ಶಾಪ್ ಎಲ್ಲ ಇದ್ದವರಿಗೇ ಅಷ್ಟು ಹಿಡಿಯಿತು. ನಿಮ್ಮೂರಿನ ಹಾಗೆಯೇ ಅವರೂ ಪ್ರೀತಿಯಿಂದಲೇ ತಂದಿದ್ದರು.

ಚರಿತ್ರೆಮೇಷ್ಟ್ರು:

ಓಹಾಯೋ ಅವರು ಬಾಂಬರ್ ವಿಷಯ ಎತ್ತಿದ್ದಕ್ಕೆ ಒಂದು ಕಥೆ ಹೇಳಲೇಬೇಕು. ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುವ ಕಥೆ ಇದು, ಯಾಕೆಂದರೆ ಇದು ಬೆಂಗಳೂರಿನ ಕಥೆ.

ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ರಾಶಿ ರಾಶಿ ಬಿಟ್ಟುಹೋದರು. ಮತ್ತೆ ಹಾರಬಾರದು ಅಂತ ಬೇಕೆಂದೇ ಹಾಳು ಮಾಡಿಯೇ ಬಿಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಾಯಿತು, ಕೊಳ್ಳಲು ಹಣ ಇಲ್ಲ. ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು, ಅಂದರೆ ಇವತ್ತಿನ ಎಚ್‌ಎಎಲ್, ಕಾನ್ಪುರಕ್ಕೆ ಹೋದರು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾಡಿ ಬೆಂಗಳೂರಿಗೆ ತಂದರು. ಇಲ್ಲಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದರು. ಹೀಗೆ 40ಕ್ಕೂ ಹೆಚ್ಚು! ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಹಾರಿದವು.

ಅಷ್ಟು ಹೊತ್ತಿಗೆ ಬೇರೆ ದೇಶಗಳಲ್ಲಿ ಆ ಬಾಂಬರ್‌ಗಳನ್ನು ಕರಗಿಸಿ ಆಗಿತ್ತು. ಆಗ ಅವರೆಲ್ಲ ನಮ್ಮ ಕಡೆ ತಿರುಗಿದರು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ಇರುವ ಲಿಬರೇಟರ್ ಭಾರತದಿಂದ ಹೋದದ್ದು. ಕೆನಡಾದ ಒಟ್ಟಾವದ್ದು, ಅಮೆರಿಕದ ಅರಿಝೋನಾದಲ್ಲಿ ಪೀಮಾ ಮ್ಯೂಸಿಯಂನದ್ದು, ಅವೂ ಇಲ್ಲಿಂದ ಹೋದವೇ. ಅಮೆರಿಕದ ಏರ್‌ಶೋಗಳಲ್ಲಿ 1989ರಿಂದ ವರ್ಷಗಟ್ಟಲೆ ಹಾರಿದ ಒಂದು ಲಿಬರೇಟರ್ ಕೂಡ ನಮ್ಮ ವಾಯುಪಡೆಯಲ್ಲಿ ಇದ್ದದ್ದು. ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ಒಂದನ್ನು ನಾವೇ ಉಳಿಸಿಕೊಂಡಿದ್ದೇವೆ. ಅದೇ ಪಾಲಂನಲ್ಲಿ ವಾಪಿಟಿ ಅನ್ನುವ ಎರಡು ರೆಕ್ಕೆ ಸಾಲಿನ ವಿಮಾನ ಇದೆ, ನಮ್ಮ ವಾಯುಪಡೆ ಶುರುವಾಗಿದ್ದೇ ಅದರಿಂದ. ಪೂರ್ತಿಯಾಗಿ ಉಳಿದಿರುವ ವಾಪಿಟಿ ಪ್ರಪಂಚದಲ್ಲಿ ಅದೊಂದೇ.

ನಮಗೆ ಇದು ಬರುವುದಿಲ್ಲ ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಗುಜರಿಯಿಂದ ಬಾಂಬರ್ ಎಬ್ಬಿಸಿದ ಕೈಗಳು ಇದೇ ಊರಿನವು.

ಯಲಹಂಕ_ಬಾಲ್ಕನಿ:

ಮೇಷ್ಟ್ರೇ, ಓದಿ ಕಣ್ಣು ತುಂಬಿ ಬಂತು. ನಮ್ಮ ತಂದೆ ಎಚ್‌ಎಎಲ್‌ನಲ್ಲಿ ಮರುತ್ ವಿಮಾನದ ಸಾಲಿನಲ್ಲಿ ರಿವೆಟ್ ಕೆಲಸ ಮಾಡಿದವರು. ಮರುತ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಭಾರತದಲ್ಲೇ ರೂಪಿಸಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ, ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮವರ ಜೊತೆ ಕೂತು ರೂಪಿಸಿದ್ದು. 1961ರ ಜೂನ್ 17ಕ್ಕೆ ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಅದೇ ಮರುತ್‌ನ ಪರೀಕ್ಷೆಯಲ್ಲಿ ಪ್ರಾಣ ಬಿಟ್ಟರು. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಬರುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ, ಆ ಹೆಸರು ಯಾರದ್ದು ಅಂತ ಎಷ್ಟು ಜನರಿಗೆ ಗೊತ್ತು?

ಹೋದ ವರ್ಷ ಅಪ್ಪನನ್ನು ಎಚ್‌ಎಎಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೊರಗಡೆ ನಿಂತ ಮರುತ್ ಹತ್ತಿರ ಹೋದವರೇ ರೆಕ್ಕೆಯ ಅಡಿಗೆ ಕೈ ಹಾಕಿ, ಬೆರಳಿಂದ ರಿವೆಟ್ ಸಾಲು ಮುಟ್ಟುತ್ತಾ ಹೋದರು. ಒಂದು ಕಡೆ ನಿಂತು, ಇಲ್ಲಿ ಅಂತರ ಬದಲಾಗುತ್ತೆ ನೋಡು ಅಂದರು. ನಾನು ಬಗ್ಗಿ ನೋಡಿದೆ. ಹೌದು, ಅಲ್ಲಿಂದ ಮುಂದೆ ರಿವೆಟ್ ಹತ್ತಿರ ಹತ್ತಿರ ಇದ್ದವು. ಕಾವಲಿನವರು ಬಂದು ಮುಟ್ಟಬೇಡಿ ಅಂದರು. ಅವರು ತಮ್ಮ ಕೆಲಸ ಮಾಡಿದರು, ನನಗೆ ಬೇಸರವಿಲ್ಲ. ಅಪ್ಪ ಯಾರು ಅಂತ ವಿವರಿಸಿದ ಮೇಲೆ ಅವರೇ ಕುರ್ಚಿ ತಂದುಕೊಟ್ಟರು.

ಒಂದು ಪ್ರಶ್ನೆ ಇದೆ. ಮರುತ್ ಮತ್ತೆ ಹಾರುವ ಹಾಗೆ ಮಾಡಲು ಸಾಧ್ಯವೇ ಇಲ್ಲವಾ? ಏರೋ ಇಂಡಿಯಾದಲ್ಲಿ ಹಳೇ ಡಕೋಟಾ ಸಾಗಣೆ ವಿಮಾನ ಹಾರಿದಾಗ ನಮ್ಮ ಬಾಲ್ಕನಿಯಿಂದ ನೋಡಿದೆವು. ಸುಖೋಯ್, ರಫಾಲ್ ಬಂದರೆ ಕಿವಿ ಮುಚ್ಚಿಕೊಳ್ಳುತ್ತೇವೆ. ಡಕೋಟಾ ಬಂದಾಗ ಮಾತ್ರ ಅಪ್ಪ ಕಿವಿ ಕೊಟ್ಟು ಕೇಳಿದರು, ಎರಡೂ ಎಂಜಿನ್ ಒಂದೇ ತಾಳಕ್ಕೆ ಇದೆ ಅಂದರು.

ಹಳೇಫಿಟ್ಟರ್:

ಅಮ್ಮಾ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಮರುತ್ ಹಾರುವುದು ಕಷ್ಟ, ಸುಳ್ಳು ಆಸೆ ಕೊಡುವುದಿಲ್ಲ. ಹಳೇ ಜೆಟ್ ಹಾರಿಸಬೇಕು ಅಂದರೆ ಎಂಜಿನ್‌ಗೆ ಇಷ್ಟು ಗಂಟೆಗೆ ಪೂರ್ತಿ ಬಿಚ್ಚಿ ನೋಡಬೇಕು ಅನ್ನುವ ಲೆಕ್ಕ ಇರುತ್ತದೆ. ಬಿಡಿಭಾಗ ಬೇಕು, ಅದನ್ನು ಬಿಚ್ಚಲು ಬರುವ ಕೈ ಬೇಕು. ಮರುತ್‌ನಲ್ಲಿ ಇದ್ದದ್ದು ಎರಡು ಆರ್ಫಿಯಸ್ ಎಂಜಿನ್. ಒಟ್ಟು ಕಟ್ಟಿದ್ದೇ 147 ವಿಮಾನ, ಪ್ರೋಟೋಟೈಪ್ ಎಲ್ಲ ಸೇರಿ. 1990ರ ಹೊತ್ತಿಗೆ ಸೇವೆಯಿಂದ ಹೋಯಿತು. ಸೀಟಿನ ಕಾರ್ಟ್ರಿಜ್‌ಗೂ ಅವಧಿ ಇರುತ್ತದೆ, ರೆಕ್ಕೆಯ ಮುಖ್ಯ ತೊಲೆಗೂ ಆಯಸ್ಸು ಇರುತ್ತದೆ. ಹೊರಗಡೆ ಬಣ್ಣ ಹೊಳೆಯುತ್ತಿದ್ದರೂ ತೊಲೆಯೊಳಗೆ ಕೂದಲೆಳೆಯಷ್ಟು ಬಿರುಕು ಇದ್ದರೆ ಮುಗಿಯಿತು.

ಎಚ್‌ಟಿ-2 ಆದರೆ ಬೇರೆ ಮಾತು. ಡಾ. ಘಾಟಗೆ ಅವರ ತಂಡ ರೂಪಿಸಿ 1951ರಲ್ಲಿ ಹಾರಿದ ಸಣ್ಣ ಪಿಸ್ಟನ್ ವಿಮಾನ. ಎಷ್ಟೋ ಪೈಲಟ್‌ಗಳು ಅದರಲ್ಲೇ ಮೊದಲ ಪಾಠ ಕಲಿತರು. ಘಾನಾ ದೇಶಕ್ಕೂ ಮಾರಿದ್ದೆವು. ಅಂಥದ್ದನ್ನು ಹಾರಿಸುವುದು ಕೈಗೆಟಕುವ ಕೆಲಸ. ಏರೋ ಇಂಡಿಯಾದಲ್ಲಿ ಪ್ರತಿ ಸಲವೂ ಒಂದು ಎಚ್‌ಟಿ-2 ಹಾರಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಡಕ್ಸ್‌ಫರ್ಡ್_ಹತ್ರ:

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಿಂದ ಡಕ್ಸ್‌ಫರ್ಡ್ ಏರ್‌ಫೀಲ್ಡ್ ಹತ್ತಿರ, ಬೇಸಿಗೆಯ ದಿನಗಳಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಸ್ಪಿಟ್‌ಫೈರ್ ಹೋಗುತ್ತದೆ. ನನ್ನ ಮಗಳು ಶಬ್ದ ಕೇಳಿಯೇ ಹೆಸರು ಹೇಳುತ್ತಾಳೆ. ಹಾರುವ ವಿಮಾನ ಕೊಡುವ ಖುಷಿಯನ್ನು ನಿಂತ ವಿಮಾನ ಕೊಡುವುದಿಲ್ಲ, ಇದು ನನ್ನ ಅನುಭವ.

ಆದರೆ ಇನ್ನೊಂದು ಮುಖವೂ ನೋಡಿದ್ದೇನೆ. 2015ರ ಆಗಸ್ಟ್‌ನಲ್ಲಿ ಶೋರ್‌ಹ್ಯಾಮ್ ಏರ್‌ಶೋನಲ್ಲಿ ಹಳೇ ಹಂಟರ್ ಜೆಟ್ ರಸ್ತೆಗೆ ಬಿದ್ದು 11 ಜನ ಸತ್ತರು. ರಸ್ತೆಯಲ್ಲಿ ತಮ್ಮ ಪಾಡಿಗೆ ಇದ್ದವರು ಅವರು. ಆಮೇಲೆ ಇಲ್ಲಿ ಏರ್‌ಶೋ ನಿಯಮ ತುಂಬಾ ಬಿಗಿಯಾಯಿತು. ಅಮೆರಿಕದ ಡಲ್ಲಾಸ್‌ನಲ್ಲಿ 2022ರ ನವೆಂಬರ್‌ನಲ್ಲಿ ಬಿ-17ಗೆ ಕಿಂಗ್‌ಕೋಬ್ರಾ ಅನ್ನುವ ಹಳೇ ಯುದ್ಧವಿಮಾನ ಡಿಕ್ಕಿ ಹೊಡೆದು ಆರು ಜನ ಹೋದರು, ಎರಡು ಅಪರೂಪದ ವಿಮಾನಗಳೂ ಪುಡಿಯಾದವು. ಯಲಹಂಕದವರಿಗೂ ಈ ನೋವು ಗೊತ್ತಿದೆ, 2019ರ ಫೆಬ್ರವರಿಯಲ್ಲಿ ಅಭ್ಯಾಸದ ವೇಳೆ ಎರಡು ಸೂರ್ಯಕಿರಣ್ ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು.

ಗೌರವದಿಂದ ನಿಲ್ಲಿಸಿದ ಉದಾಹರಣೆಯೂ ಇದೆ. ವಲ್ಕನ್ ಅನ್ನುವ ದೊಡ್ಡ ತ್ರಿಕೋನ ರೆಕ್ಕೆಯ ಬಾಂಬರ್‌ನಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದಿದ್ದು ಒಂದೇ. ಜನರೇ ಚಂದಾ ಎತ್ತಿ ಅದನ್ನು ಹಾರಿಸುತ್ತಿದ್ದರು. ತಾಂತ್ರಿಕ ಜವಾಬ್ದಾರಿ ಹೊತ್ತಿದ್ದ ಕಂಪನಿಗಳು ಇನ್ನು ಆಗುವುದಿಲ್ಲ ಅಂದ ಮೇಲೆ 2015ರ ಅಕ್ಟೋಬರ್‌ನಲ್ಲಿ ಕೊನೆಯ ಸಲ ಹಾರಿಸಿ ನಿಲ್ಲಿಸಿದರು. ಹಣ ಇತ್ತು, ಪ್ರೀತಿ ಇತ್ತು, ಆದರೂ ನಿಲ್ಲಿಸಿದರು. ಅದು ನನಗೆ ಈಗಲೂ ಸರಿ ಅನ್ನಿಸುತ್ತದೆ.

ಚರಿತ್ರೆಮೇಷ್ಟ್ರು:

ಹಾರಿಸಬೇಕಾ, ನಿಲ್ಲಿಸಬೇಕಾ ಅನ್ನುವ ಪ್ರಶ್ನೆಗೆ ನಮ್ಮ ದೇವಸ್ಥಾನಗಳಲ್ಲೇ ಉತ್ತರ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಗರ್ಭಗುಡಿಯ ಮೂಲವಿಗ್ರಹ ಅಲ್ಲಾಡುವುದಿಲ್ಲ. ಊರಿನ ಬೀದಿಗೆ ಬರುವುದು ಉತ್ಸವಮೂರ್ತಿ. ಭಕ್ತಿಯಲ್ಲಿ ಏನೂ ಕಮ್ಮಿ ಇಲ್ಲ, ಎರಡಕ್ಕೂ ಅದೇ ಹೆಸರು, ಅದೇ ಆರತಿ.

ಡಕೋಟಾವನ್ನೇ ನೋಡಿ. 1947ರ ಅಕ್ಟೋಬರ್ 27ಕ್ಕೆ ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟಾದ ನಂಬರ್ ವಿಪಿ 905. ಈಗ ಹಾರುವ, ಪರಶುರಾಮ ಅಂತ ಹೆಸರಿಟ್ಟ ಡಕೋಟಾ ಅದಲ್ಲ. ಐರ್ಲೆಂಡಿನಲ್ಲಿ ಗುಜರಿಗೆ ಹೋಗಲಿದ್ದ ಬೇರೆ ಡಕೋಟಾ. ರಾಜೀವ್ ಚಂದ್ರಶೇಖರ್ ಅವರು ಕೊಂಡು, ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಸರಿಮಾಡಿಸಿ, 2018ರಲ್ಲಿ ವಾಯುಪಡೆಗೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಆ ಹಳೆಯ ನಂಬರನ್ನು ಇದರ ಮೈಮೇಲೆ ಬರೆದರು. ಇದು ಉತ್ಸವಮೂರ್ತಿ. ಇದರ ಎಂಜಿನ್ ಬದಲಾಯಿಸಿ, ರೇಡಿಯೋ ಹೊಸದು ಹಾಕಿ, ತಪ್ಪಿಲ್ಲ. ಆದರೆ ಪಾಲಂನ ವಾಪಿಟಿ ಮೂಲವಿಗ್ರಹ. ಅದರ ಒಂದು ಬಟ್ಟೆ ತುಂಡನ್ನೂ ಬದಲಾಯಿಸುವ ಮೊದಲು ಹತ್ತು ಸಲ ಯೋಚನೆ ಮಾಡಬೇಕು.

ಕೊಡಗಿನ_ಮಳೆ:

ಮೇಷ್ಟ್ರ ಮಾತು ನನಗೆ ಬೇರೆ ಕಾರಣಕ್ಕೆ ತಟ್ಟಿತು. ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರು 1965ರ ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದರು. ಅವರದ್ದು ಮಿಸ್ಟೇರ್ ವಿಮಾನ. ಎದುರು ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಅದನ್ನು ಹೊಡೆದುರುಳಿಸಿ ತಾವೂ ಹೋದರು. ಏನು ನಡೆಯಿತು ಅನ್ನುವುದು ಇಲ್ಲಿ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ.

ಅವರ ವಿಮಾನದ ಒಂದು ಚೂರೂ ನಮ್ಮ ಬಳಿ ಇಲ್ಲ. ಪಾಲಂನಲ್ಲಿ ಒಂದು ಮಿಸ್ಟೇರ್ ಇದೆ. ಅದು ಅವರದ್ದಲ್ಲ, ಆದರೂ ನಾನು ದೆಹಲಿಗೆ ಹೋದಾಗ ಅದರ ಮುಂದೆ ನಿಂತು ಬಂದೆ. ಎಷ್ಟು ಚಿಕ್ಕ ವಿಮಾನ! ಸ್ಟಾರ್‌ಫೈಟರ್ ಮುಂದೆ ಇದನ್ನು ತಿರುಗಿಸಿದರಾ ಅನ್ನಿಸಿತು. ಆದ್ದರಿಂದ ರೆಕ್ಕೆಪುಕ್ಕ ಅವರೇ, ನಿಮ್ಮ ಕಿರಣ್ ನಂಬರ್ ಮುಚ್ಚಿಹೋಗಿದೆ ಅಂದಿರಲ್ಲ, ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು. ನಂಬರ್ ಸಿಕ್ಕಿದರೆ ಅದರಲ್ಲಿ ಯಾರು ಕಲಿತರು, ಎಲ್ಲಿತ್ತು ಅಂತ ಹುಡುಕಬಹುದು. ನಂಬರ್ ಇಲ್ಲದಿದ್ದರೆ ಅದು ಯಾವುದೋ ಒಂದು ವಿಮಾನ ಆಗಿಬಿಡುತ್ತದೆ. ದಯವಿಟ್ಟು ನಂಬರ್ ಹುಡುಕಿ.

ಎರಡನೇ_ಬೆಂಚು:

ನಾನು ಪ್ರೈಮರಿ ಶಾಲೆ ಟೀಚರ್. ಒಂದು ವಿಷಯದಲ್ಲಿ ನನಗೆ ಸಮಾಧಾನ ಇಲ್ಲ. ವಿಮಾನ ಇಟ್ಟ ಕಡೆಯೆಲ್ಲ ಮುಟ್ಟಬಾರದು, ಬೇಲಿ ಹಾಕಬೇಕು ಅನ್ನುತ್ತಾರೆ. ನಮ್ಮ ಹಳ್ಳಿ ಮಕ್ಕಳು ವಿಮಾನವನ್ನು ಆಕಾಶದಲ್ಲಿ ಗೆರೆ ಎಳೆಯುವ ಚುಕ್ಕೆಯಾಗಿ ಮಾತ್ರ ನೋಡಿದವರು. ಹತ್ತಿರ ಬಂದಾಗಲೂ ಹಗ್ಗದಾಚೆ ನಿಲ್ಲಿ ಅಂದರೆ ಅವರಿಗೆ ಸಿಕ್ಕಿದ್ದಾದರೂ ಏನು? ಯಲಹಂಕದವರ ತಂದೆ ಕೈಯಿಂದಲೇ ಅಲ್ಲವಾ ಆ ರಿವೆಟ್ ಸಾಲು ಕಂಡಿದ್ದು?

ಹಳೇಫಿಟ್ಟರ್:

ಟೀಚರ್ ಹೇಳಿದ್ದು ನ್ಯಾಯವಾದ ಮಾತು. ಕಿರಣ್ ಪ್ರಪಂಚದಲ್ಲಿ ಒಂದೇ ಇರುವ ವಿಮಾನ ಅಲ್ಲ. ಮಕ್ಕಳು ಮುಟ್ಟಲಿ, ಆದರೆ ಜೊತೆಗೆ ಒಬ್ಬರು ದೊಡ್ಡವರು ಇರಲಿ, ಹತ್ತಲು ಬಿಡಬೇಡಿ. ರೆಕ್ಕೆಯ ಹಿಂಭಾಗದ ತಗಡು ತುಂಬಾ ತೆಳು, ಕಾಲಿಟ್ಟರೆ ತಗ್ಗು ಬೀಳುತ್ತದೆ. ಒಂದು ಬದಲಾಯಿಸುವಂಥ ಪ್ಯಾನೆಲನ್ನು ಬಿಚ್ಚಿ ಮೇಜಿನ ಮೇಲಿಟ್ಟು ಒಳಗಿನ ಪಕ್ಕೆಲುಬು ತೋರಿಸಿ, ಅದನ್ನು ಎಷ್ಟು ಬೇಕಾದರೂ ಮುಟ್ಟಲಿ.

ಇನ್ನೊಂದು ಎಚ್ಚರಿಕೆ, ಇದು ಎರಡನೇ ಮಹಾಯುದ್ಧ ಕಾಲದ ವಿಮಾನ ಇಟ್ಟುಕೊಂಡವರಿಗೆ. ಕತ್ತಲಲ್ಲಿ ಹೊಳೆಯಲಿ ಅಂತ ಆಗಿನ ಮೀಟರ್‌ಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಯಾವಾಗಲೋ ಹೋಗಿರುತ್ತದೆ, ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ಒಡೆದ ಹಳೇ ಮೀಟರನ್ನು ಮಕ್ಕಳ ಕೈಗೆ ಕೊಡಲೇಬಾರದು.

ತಮ್ಮಾ, ತೊಳೆಯುವುದಕ್ಕೆ: ಸಿಹಿನೀರು, ಮೃದುವಾದ ಸೋಪು, ಮೆತ್ತನೆ ಬ್ರಷ್. ಬ್ಲೀಚಿಂಗ್ ಪುಡಿ, ಆಸಿಡ್ ಬೇಡವೇ ಬೇಡ. ಸ್ಟೀಲ್ ಜುಂಗು ಹಾಕಿ ಉಜ್ಜಬೇಡ, ಕಬ್ಬಿಣದ ಚೂರು ಅಲ್ಯೂಮಿನಿಯಂ ಒಳಗೆ ಕೂತು ಅಲ್ಲೇ ಮತ್ತೆ ಶುರುವಾಗುತ್ತದೆ. ಕಾರ್ ತೊಳೆಯುವ ಜೋರು ಪೈಪನ್ನು ಸಂದಿಗಳಿಗೆ ಹಿಡಿಯಬೇಡ. ಪಾರಿವಾಳದ ಮರಿ ಹಾರಿಹೋದ ಮೇಲೆ ಗೂಡು ತೆಗೆದು ಬಲೆ ಕಟ್ಟು, ಗಾಳಿ ಆಡಬೇಕು. ಮಳೆಗೆ ಟಾರ್ಪಾಲ್ ಹೊದಿಸುತ್ತೇವೆ ಅಂತ ಯಾರಾದರೂ ಹೇಳುತ್ತಾರೆ, ಒಪ್ಪಬೇಡ. ಟಾರ್ಪಾಲ್ ಒಳಗೆ ಹಬೆ ಕಟ್ಟಿ ಮಳೆಗಿಂತ ಜಾಸ್ತಿ ಕೆಡಿಸುತ್ತದೆ. ನಾಲ್ಕು ಕಂಬ ನಿಲ್ಲಿಸಿ ಎತ್ತರಕ್ಕೆ ತಗಡಿನ ಚಾವಣಿ ಹಾಕಿ, ಪಕ್ಕದಲ್ಲಿ ಗಾಳಿ ಆಡಲಿ, ಅಷ್ಟು ಸಾಕು. ಗಾಜಿಗೆ ಮಾತ್ರ ಬಿಳಿ ಹತ್ತಿ ಬಟ್ಟೆಯ ಗವಸು ಹೊಲಿಸು.

ನಂಬರ್ ಬಗ್ಗೆ: ಚಕ್ರ ಒಳಗೆ ಮಡಚಿಕೊಳ್ಳುವ ಗುಂಡಿಯಲ್ಲಿ ಟಾರ್ಚ್ ಹಾಕಿ ನೋಡು. ಬಣ್ಣ ಹೊಡೆಯುವವರು ಅಲ್ಲಿ ತನಕ ಹೋಗಿರುವುದಿಲ್ಲ. ಸಣ್ಣ ಲೋಹದ ಪಟ್ಟಿ ಏನಾದರೂ ಸಿಕ್ಕಿದರೆ ಉಜ್ಜಬೇಡ, ಫೋಟೋ ತೆಗೆ.

ರೆಕ್ಕೆಪುಕ್ಕ:

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಹೋಗಿದ್ದೆವು. ಕಾಲೇಜಿನವರು ಅನುಮತಿ ಕೊಟ್ಟರು, ನಮ್ಮ ಕೈಗೆ ಕೀಲಿಯನ್ನೇ ಕೊಟ್ಟರು. ಒಟ್ಟು 11 ಜನ, ಅದರಲ್ಲಿ ನಾಲ್ವರು ಅದೇ ಕಾಲೇಜಿನ ಹುಡುಗಿಯರು. ರಾಜಣ್ಣನವರೂ ಬಂದಿದ್ದರು.

ಸೀಟ್ ಇಲ್ಲ, ತೆಗೆದಿದ್ದಾರೆ. ಬರೀ ಕಂಬಿ ಉಳಿದಿದೆ. ಫೋಟೋ ಹಾಕುತ್ತೇನೆ, ಫಿಟ್ಟರ್ ಸಾರ್ ದಯವಿಟ್ಟು ನೋಡಿ.

ತೂತು ಹುಡುಕುವುದಕ್ಕೇ ಅರ್ಧ ಗಂಟೆ ಆಯಿತು, ಬಣ್ಣ ಅಷ್ಟು ದಪ್ಪಗೆ ಕೂತಿದೆ. ಹೊಟ್ಟೆಯಡಿಯ ಮೊದಲನೆಯದನ್ನು ಕಡ್ಡಿಯಲ್ಲಿ ಚುಚ್ಚಿದಾಗ ಏನೂ ಬರಲಿಲ್ಲ. ಎರಡನೆಯದರಲ್ಲಿ ಕಪ್ಪು ಮಣ್ಣು ಬಂತು, ಆಮೇಲೆ ಟೀ ಬಣ್ಣದ ನೀರು ಸಣ್ಣ ದಾರದ ಹಾಗೆ ಇಳಿಯಲು ಶುರುವಾಯಿತು. ನಿಲ್ಲಲೇ ಇಲ್ಲ! ಒಂದು ಬಕೆಟ್ ತುಂಬಿ ಇನ್ನೊಂದು ಇಟ್ಟೆವು. ಹೋದ ಮಳೆಗಾಲದ ನೀರು ಇಷ್ಟು ದಿನ ಒಳಗೇ ಇತ್ತು. ಯಾರೂ ಮಾತಾಡಲಿಲ್ಲ, ಎಲ್ಲರೂ ಸುಮ್ನೆ ನೋಡುತ್ತಾ ನಿಂತಿದ್ದರು.

ಬಲಗಡೆ ಚಕ್ರದ ಗುಂಡಿಯಲ್ಲಿ ಒಂದು ಪಟ್ಟಿ ಸಿಕ್ಕಿದೆ. ಬೆರಳಿನಷ್ಟು ಉದ್ದ. ಮೊದಲ ಎರಡು ಅಂಕಿ ಸ್ಪಷ್ಟ ಇದೆ, ಮೂರನೆಯದು ಅನುಮಾನ, 3 ಇರಬಹುದು, 8 ಇರಬಹುದು. ಉಜ್ಜಿಲ್ಲ. ಬೇರೆ ಬೇರೆ ಕಡೆಯಿಂದ ಟಾರ್ಚ್ ಹಿಡಿದು ಆರು ಫೋಟೋ ತೆಗೆದಿದ್ದೇವೆ.

ಸರ್ಕಲ್_ರಾಜಣ್ಣ:

ಆ ನೀರು ಬಂದಾಗ ನಾನೂ ಅಲ್ಲೇ ಬಗ್ಗಿ ನಿಂತಿದ್ದೆ. ಮಿಗ್-21 ಬೇಕು ಅನ್ನುವ ಆಸೆ ನನಗೆ ಈಗಲೂ ಇದೆ, ಅದನ್ನು ಬಿಡುವುದಿಲ್ಲ. ಆದರೆ ಅರ್ಜಿಯನ್ನು ಈ ವರ್ಷ ಕಳಿಸುವುದು ಬೇಡ ಅಂತ ಸಮಿತಿಯಲ್ಲಿ ಹೇಳಿದ್ದೇನೆ. ನನ್ನ ತಮ್ಮನದು ವೆಲ್ಡಿಂಗ್ ಅಂಗಡಿ. ಚಾವಣಿಯ ಕಂಬ ಅವನು ಮಾಡಿಕೊಡುತ್ತಾನೆ, ತಗಡಿನ ಖರ್ಚಿಗೆ ಸಮಿತಿ ಹಣ ಹಾಕಲಿ ಅಂತ ಕೇಳಿದ್ದೇನೆ. ಫಿಟ್ಟರ್ ಸಾರ್, ಟೈರ್ ಮೇಲೆ ಭಾರ ಬೀಳದ ಹಾಗೆ ಕೆಳಗೆ ಸ್ಟ್ಯಾಂಡ್ ಕೊಡಬೇಕು ಅನ್ನುತ್ತಾರಲ್ಲ, ಅದನ್ನೂ ಅವನ ಕೈಲೇ ಮಾಡಿಸಬಹುದಾ? ಎಲ್ಲಿ ಎತ್ತಬೇಕು?

ಹಳೇಫಿಟ್ಟರ್:

ಮಾಡಿಸಬಹುದು. ಆದರೆ ಎಲ್ಲೆಂದರಲ್ಲಿ ಜಾಕ್ ಕೊಟ್ಟು ಎತ್ತಬೇಡಿ, ತಗಡು ಹರಿದುಹೋಗುತ್ತದೆ. ಎತ್ತಲು ಅಂತಲೇ ಗುರುತು ಮಾಡಿದ ಜಾಗಗಳಿವೆ, ಬಣ್ಣದ ಅಡಿ ಸೇರಿಕೊಂಡಿರುತ್ತವೆ. ನಾನು ಬಂದೇ ತೋರಿಸುತ್ತೇನೆ, ಮುಂದಿನ ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಸ್ಟ್ಯಾಂಡ್ ಮೇಲ್ಭಾಗಕ್ಕೆ ದಪ್ಪ ರಬ್ಬರ್ ಬೇಕು, ಕಬ್ಬಿಣ ನೇರವಾಗಿ ಮೈಗೆ ತಾಗಬಾರದು. ನಿಮ್ಮ ತಮ್ಮನಿಗೆ ಈಗಲೇ ವೆಲ್ಡ್ ಮಾಡಬೇಡ, ಅಳತೆ ತಗೊಂಡ ಮೇಲೆ ಮಾಡು ಅಂತ ಹೇಳಿ.

ಆ ಪಟ್ಟಿಯ ಫೋಟೋ ನೋಡಿದೆ. ನಾಲ್ಕನೆಯದರಲ್ಲಿ ಬೆಳಕು ಅಡ್ಡಲಾಗಿ ಬಿದ್ದಿದೆ. ನನ್ನ ಕಣ್ಣಿಗೆ ಅದು 8.